ರಾಸಾಯನಿಕ ಸಮತೋಲನದ ಲೆಕ್ಕ ಬರುತ್ತದೆ, ಸಮತೋಲನ ಮಾತ್ರ ಅರ್ಥವಾಗಿಲ್ಲ: ತರಗತಿಯಲ್ಲಿ ಏನು ಮಾಡಬಹುದು?

ಸೋಸುಕಾಗದ:
ಪದವಿ ಮೊದಲ ವರ್ಷ, 60 ಮಂದಿ, 50 ನಿಮಿಷದ ಪಾಠ. ಕೆಸಿ (ಸಮತೋಲನ ಸ್ಥಿರಾಂಕ) ಲೆಕ್ಕ ಕೊಟ್ಟರೆ ಬಹುತೇಕರು ಮಾಡಿಬಿಡುತ್ತಾರೆ. ಸಮತೋಲನದಲ್ಲಿ ಏನು ನಡೆಯುತ್ತಿರುತ್ತದೆ ಅಂತ ಕೇಳಿದರೆ ಮಾತ್ರ ‘ಕ್ರಿಯೆ ನಿಂತಿರುತ್ತದೆ’ ಎಂದೋ ‘ಎರಡೂ ಕಡೆ ಸಾರತೆ (ಒಂದಿಷ್ಟು ಗಾತ್ರದಲ್ಲಿ ವಸ್ತು ಎಷ್ಟಿದೆ ಎಂಬುದು) ಸಮ ಆಗಿರುತ್ತದೆ’ ಎಂದೋ ಉತ್ತರ. ಅನಿಮೇಷನ್ ತೋರಿಸಿದರೆ ತಲೆಯಾಡಿಸುತ್ತಾರೆ, ಅಷ್ಟೇ. ದುಬಾರಿ ಉಪಕರಣ ಬೇಡದ, ಒಂದೇ ಪಾಠದಲ್ಲಿ ಮುಗಿಯುವ ಚಟುವಟಿಕೆ ಇದ್ದರೆ ತಿಳಿಸಿ.

ಬ್ಯುರೆಟ್ ತುದಿ:
ನೀರು ಸಾಗಿಸುವ ಚಟುವಟಿಕೆ ಮಾಡಿಸಿ ಸರ್. ಗುಂಪಿಗೆ ಬೇಕಾದದ್ದು 25 ಮಿ.ಲೀ.ನ ಎರಡು ಮೆಷರಿಂಗ್ ಸಿಲಿಂಡರ್ (ಒಂದೇ ಮಾದರಿಯವು), ಒಳವ್ಯಾಸ 5 ಮಿ.ಮೀ. ಮತ್ತು 4 ಮಿ.ಮೀ. ಇರುವ ಎರಡು ಗಾಜಿನ ನಳಿಕೆ, ಒಂದು ಗ್ರಾಫ್ ಹಾಳೆ. ‘ಎ’ ಸಿಲಿಂಡರಿಗೆ 20 ಮಿ.ಲೀ. ನೀರು, ‘ಬಿ’ ಖಾಲಿ. ‘ಎ’ಯ ನೀರು ಕ್ರಿಯೆಗೆ ಇಳಿಯುವ ವಸ್ತು, ‘ಬಿ’ಯದು ಉತ್ಪನ್ನ, ಸಾಗಣೆಯೇ ಮುಂದಕ್ಕೂ ಹಿಂದಕ್ಕೂ ನಡೆಯುವ ಕ್ರಿಯೆ ಎಂದು ಎಣಿಸಿ. ದಪ್ಪ ನಳಿಕೆ ‘ಎ’ಗೆ, ಸಣ್ಣದು ‘ಬಿ’ಗೆ. ಇಬ್ಬರೂ ನಳಿಕೆಯನ್ನು ತಳ ಮುಟ್ಟಿಸಿ, ಆಮೇಲೆ ಮೇಲ್ತುದಿಗೆ ಬೆರಳು ಒತ್ತಿ, ಒಟ್ಟಿಗೆ ಎತ್ತಿ, ಎದುರು ಸಿಲಿಂಡರಿಗೆ ಬಿಡಬೇಕು. ನಳಿಕೆ ಹೊರಗಿರುವಾಗಲೇ ಎರಡೂ ಅಳತೆ ಬರೆದುಕೊಳ್ಳಬೇಕು, ಒಳಗಿದ್ದರೆ ಮಟ್ಟ ಏರಿ ಕಾಣುತ್ತದೆ. ಸುಮಾರು 30 ಸುತ್ತಿಗೆ ಗೆರೆಗಳು ಚಪ್ಪಟೆಯಾಗುತ್ತವೆ: ‘ಎ’ಯಲ್ಲಿ 7.8, ‘ಬಿ’ಯಲ್ಲಿ 12.2 ಮಿ.ಲೀ. ಆಸುಪಾಸು. ‘ಬಿ’ಗೂ ‘ಎ’ಗೂ ಅನುಪಾತ 25/16, ಅಂದರೆ ನಳಿಕೆಗಳ ಅಡ್ಡಕೊಯ್ತದ ಅನುಪಾತ.

ಇಲ್ಲಿ ನಿಲ್ಲಿಸಬೇಡಿ. ‘ಎ’ಗೆ ಇನ್ನೂ 5 ಮಿ.ಲೀ. ಸುರಿದು ಮುಂದುವರಿಸಿದರೆ 9.8 ಮತ್ತು 15.2ಕ್ಕೆ ಬಂದು ನಿಲ್ಲುತ್ತದೆ. ಅನುಪಾತ ಅದೇ. ಹಾಕಿದ್ದೆಲ್ಲ ‘ಬಿ’ಗೆ ಹೋಗಲಿಲ್ಲ, ‘ಎ’ ಮೊದಲಿಗಿಂತ ಹೆಚ್ಚೇ ಉಳಿಯಿತು. ಲೆ ಶಾಟೆಲಿಯೆ ತತ್ವವನ್ನು (ಸಮತೋಲನವನ್ನು ಕದಡಿದರೆ ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಎನ್ನುವುದು) ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಕೆಡುವ ಜಾಗಗಳೂ ಇವೆ. ಒಂದೇ ವ್ಯಾಸದ ನಳಿಕೆ ಕೊಟ್ಟರೆ ಎರಡೂ ಕಡೆ 10ಕ್ಕೆ ನಿಲ್ಲುತ್ತದೆ, ಆಗ ‘ಸಾರತೆ ಸಮ’ ಎನ್ನುವ ತಪ್ಪು ಕಲ್ಪನೆಗೆ ನೀವೇ ಗೊಬ್ಬರ ಹಾಕಿದಂತೆ. ಬೆರಳು ಮುಚ್ಚಿಕೊಂಡೇ ನಳಿಕೆ ಇಳಿಸಿದರೆ ನೀರು ಒಳಗೆ ಬರುವುದಿಲ್ಲ.

ಸೋಸುಕಾಗದ:
ಇದು ‘ಸಮ’ ಅನ್ನುವ ಕಲ್ಪನೆಗೆ ಸರಿ. ‘ನಿಂತುಹೋಗಿದೆ’ ಅನ್ನುವುದಕ್ಕೆ? ಮಟ್ಟ ಬದಲಾಗದಿದ್ದರೆ ಅವರಿಗೆ ನಿಂತಂತೆಯೇ ಅಲ್ಲವೇ?

ಬ್ಯುರೆಟ್ ತುದಿ:
ಮಟ್ಟ ಸ್ಥಿರವಾದ ಮೇಲೆ ‘ಎ’ಗೆ ಒಂದು ಹನಿ ಶಾಯಿ ಹಾಕಿ ಸಾಗಣೆ ಮುಂದುವರಿಸಲು ಹೇಳಿ. ಅಳತೆ ಅಲುಗುವುದಿಲ್ಲ, ಬಣ್ಣ ಮಾತ್ರ ‘ಬಿ’ಗೆ ಹರಡುತ್ತದೆ. ಐಸೊಟೋಪ್ (ಅದೇ ಧಾತುವಿನ ಬೇರೆ ತೂಕದ ಪರಮಾಣು) ಗುರುತು ಹಚ್ಚಿ ಸಮತೋಲನ ಪರೀಕ್ಷಿಸುವುದೂ ಇದೇ ತರ್ಕದ ಮೇಲೆ. ಶಾಯಿಯನ್ನು ಮೊದಲೇ ಹಾಕಿದರೆ ಈ ಉಪಯೋಗ ಕೈತಪ್ಪುತ್ತದೆ.

ಮೋಲ್ ಲೆಕ್ಕ:
ನೀರಿನ ಮಾದರಿ ಚೆನ್ನಾಗಿದೆ, ಆದರೆ ಅದರಲ್ಲಿ ಅಣುಗಳಿಲ್ಲ. ಮರುದಿನ ಒಂದು ನಿಜವಾದ ಕ್ರಿಯೆಯ ಮೇಲೆ ಸಹಪಾಠಿ ಚರ್ಚೆ ಇಡಿ (ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ). ಪ್ರಶ್ನೆ: ಸಿರಿಂಜಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮತ್ತು ಡೈನೈಟ್ರೋಜನ್ ಟೆಟ್ರಾಕ್ಸೈಡ್ ಸಮತೋಲನದಲ್ಲಿವೆ. ತಾಪ ಬದಲಿಸದೆ ಅರ್ಧಕ್ಕೆ ಒತ್ತಿದರೆ, ಪಕ್ಕದಿಂದ ನೋಡುವವರಿಗೆ ಕಂದು ಬಣ್ಣ ಕೊನೆಗೆ (1) ಮೊದಲಿಗಿಂತ ತಿಳಿ, (2) ಮೊದಲಿನಷ್ಟೇ, (3) ಮೊದಲಿಗಿಂತ ಗಾಢ?

ಸರಿ ಉತ್ತರ 3. ಒತ್ತಿದ ಕ್ಷಣ ಗಾಢವಾಗಿ, ಆಮೇಲೆ ಕಂದು ಡೈಆಕ್ಸೈಡಿನ ಒಂದು ಪಾಲು ಬಣ್ಣವಿಲ್ಲದ ಟೆಟ್ರಾಕ್ಸೈಡ್ ಆಗಿ ತುಸು ತಿಳಿಯಾಗುತ್ತದೆ. ಆದರೂ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ಲೆ ಶಾಟೆಲಿಯೆ ತತ್ವವನ್ನಷ್ಟೇ ನೆನಪಿಟ್ಟವರು 1ನ್ನೇ ಆರಿಸುತ್ತಾರೆ. ‘ಪಕ್ಕದಿಂದ’ ಎನ್ನುವ ಪದ ಬಿಡಬೇಡಿ: ಸಿರಿಂಜಿನ ಉದ್ದಕ್ಕೆ ನೋಡಿದರೆ ಒತ್ತಿದಾಗ ಬೆಳಕಿನ ದಾರಿಯೂ ಅರ್ಧವಾಗುವುದರಿಂದ ಬಣ್ಣ ಕೊನೆಗೆ ತಿಳಿಯೇ ಕಾಣುತ್ತದೆ. ಅನಿಲ ವಿಷಕಾರಿ, ಪ್ರಾತ್ಯಕ್ಷಿಕೆ ಫ್ಯೂಮ್ ಹುಡ್‌ನಲ್ಲೇ (ಅನಿಲವನ್ನು ಹೊರಗೆ ಎಳೆದುಹಾಕುವ ಗೂಡು) ಆಗಬೇಕು. ಇಲ್ಲದಿದ್ದರೆ ವಿಡಿಯೊ ಸಾಕು.

ಕ್ರಮ ಹೀಗೆ: ಎರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ ಮತ ಹಾಕಲಿ (ಬಣ್ಣದ ಕಾರ್ಡ್ ಸಾಕು, ಎಲ್ಲರೂ ಒಟ್ಟಿಗೆ ಎತ್ತಬೇಕು). ಸರಿ ಉತ್ತರ ಸುಮಾರು 30ರಿಂದ 70 ಶೇಕಡಾ ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಡಿ, ಮತ್ತೆ ಮತ. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆ ಬೇಡ, ವಿವರಿಸಿ. ಹೆಚ್ಚಿದ್ದರೆ ಎರಡು ಮಾತಿನಲ್ಲಿ ಮುಗಿಸಿ. ಆ್ಯಪ್ ಬಳಸುವುದಾದರೆ ಮೊದಲ ಮತದ ಫಲಿತಾಂಶ ತೆರೆಯ ಮೇಲೆ ತೋರಿಸಬೇಡಿ, ಎಲ್ಲರೂ ಹೆಚ್ಚು ಮತ ಬಿದ್ದ ಉತ್ತರದ ಕಡೆಗೇ ವಾಲುತ್ತಾರೆ.

ಪ್ರಯೋಗಶಾಲೆ ಮೇಡಂ:
ಬ್ಯುರೆಟ್ ತುದಿ ಹೇಳಿದ್ದನ್ನು 60 ಮಂದಿಗೆ ಮಾಡಿಸಲು ನಾಲ್ವರ 15 ಗುಂಪು ಬೇಕು. ಇಬ್ಬರು ನಳಿಕೆಗೆ, ಒಬ್ಬರು ಅಳತೆ ಬರೆಯಲು, ಒಬ್ಬರು ಗ್ರಾಫಿಗೆ. ವರದಿ ಮಾಡುವವರನ್ನು ಕೊನೆಯಲ್ಲಿ ಚೀಟಿ ಎತ್ತಿ ಆರಿಸಿ. ಮೊದಲೇ ಗೊತ್ತಾದರೆ ಒಬ್ಬ ಜಾಣ ಯೋಚಿಸುತ್ತಾನೆ, ಮೂವರು ಪ್ರೇಕ್ಷಕರು. 50 ನಿಮಿಷದಲ್ಲಿ ಸಾಗಣೆಗೆ 25 ಬಿಡಿ, ನಳಿಕೆಗಳನ್ನು ಮೊದಲೇ ಜೋಡಿ ಮಾಡಿ ಪಟ್ಟಿ ಅಂಟಿಸಿಡಿ.

ಪರೀಕ್ಷೆಯಲ್ಲಿ ಕೆಸಿ ಲೆಕ್ಕ ಮಾತ್ರ ಬಂದರೆ ಇದನ್ನೆಲ್ಲ ಆಟವೆಂದೇ ತಿಳಿಯುತ್ತಾರೆ. ಕಿರುಪರೀಕ್ಷೆಯಲ್ಲಿ ಕಣಗಳ ಚಿತ್ರ ಕೊಟ್ಟು ‘ಇದು ಸಮತೋಲನವೇ? ಹೇಳಲು ಇನ್ನೇನು ಗೊತ್ತಿರಬೇಕು?’ ಎಂಬ 3 ಅಂಕದ ಒಂದು ಪ್ರಶ್ನೆ ಇಡಿ. ಒಂದೇ ಕ್ಷಣದ ಚಿತ್ರ ನೋಡಿ ಉತ್ತರಿಸಲು ಆಗುವುದಿಲ್ಲ. ಸ್ಥಿರಾಂಕವೋ ಮುಂದಿನ ಚಿತ್ರಗಳೋ ಬೇಕು ಎಂದು ಬರೆದವರಿಗೆ ಪೂರ್ಣ ಅಂಕ.