ಸಹಾಯ ಬೇಕು: ಆದಾಯ ತೆರಿಗೆ ರಿಟರ್ನ್ ತುಂಬಿಸಲು ಇಬ್ಬರು, ಬ್ಯಾಂಕ್ ಕೆಲಸಕ್ಕೆ ಒಬ್ಬರು (ಕೋಲಾರ)

ಈ ಭಾನುವಾರ ಕೋಲಾರದಲ್ಲಿ ಲ್ಯಾಪ್‌ಟಾಪ್ ಇರುವ ಇಬ್ಬರು ಬೇಕು. ರಿಟರ್ನ್ ತುಂಬಿಸಿಕೊಳ್ಳಲು ಬರುವವರು ನರಸಾಪುರ, ವೇಮಗಲ್ ಕಾರ್ಖಾನೆಗಳ ಹೊಸ ನೌಕರರು. ಫಾರಂ 16 (ಸಂಬಳ, ಮುರಿದುಕೊಂಡ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ) ಸಿಗದಿದ್ದರೆ ಸಂಬಳದ ಚೀಟಿ ನೋಡಿ, ಸಂಬಳದಲ್ಲೇ ಮುರಿದುಕೊಂಡ ತೆರಿಗೆಯನ್ನು (ಟಿಡಿಎಸ್) ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ತಾಳೆ ಹಾಕಿ. ತಿಂಗಳಿಗೆ 200 ರೂಪಾಯಿ (ಫೆಬ್ರವರಿಯಲ್ಲಿ 300) ಕಟ್ ಆಗೋದು ವೃತ್ತಿ ತೆರಿಗೆ. ಅದು ವಾಪಸ್ ಬರಲ್ಲ, ಮೊದಲೇ ಹೇಳಿಬಿಡಿ.

ನಿಜವಾದ ತಲೆನೋವು ಇನಿಷಿಯಲ್. ಪ್ಯಾನ್‌ನಲ್ಲಿ 'ಮಂಜುನಾಥ ನಾರಾಯಣಪ್ಪ', ಪಾಸ್‌ಬುಕ್‌ನಲ್ಲಿ 'ಮಂಜುನಾಥ ಎನ್'. ಹೆಸರು ಹೊಂದದಿದ್ದರೆ ತೆರಿಗೆ ಪೋರ್ಟಲ್‌ನಲ್ಲಿ ಖಾತೆ ವ್ಯಾಲಿಡೇಟ್ (ದೃಢೀಕರಣ) ಆಗದೆ ರಿಫಂಡ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಬ್ಯಾಂಕಿನ ತಿದ್ದುಪಡಿ ಅರ್ಜಿ ತುಂಬಿಸಿಕೊಡುವ ತಾಳ್ಮೆ ಇರುವವರು ಒಬ್ಬರಾದರೂ ಬನ್ನಿ.

ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆಗಲೇಬೇಕು, ಅದನ್ನು ನಾವು ಆಧಾರ್ ಒಟಿಪಿಯಿಂದ ಮಾಡ್ತೀವಿ. ಹಾಗಾಗಿ ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನ್ ತರಲು ತಿಳಿಸಿ. ಅದು ಎಷ್ಟೋ ಸಲ ಅಪ್ಪನ ಜೇಬಲ್ಲಿರುತ್ತೆ.