ಹಳೇ ಕ್ಯಾರವಾನಿನ ಗ್ಯಾಸ್ ಫ್ರಿಜ್: ಉರಿ ಇದೆ, ತಂಪಿಲ್ಲ

ಪ್ರಶ್ನೆ:
ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. 1974ರ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿ) ಕೊಂಡೆ. ಕರೆಂಟಿನಲ್ಲೂ ಗ್ಯಾಸಿನಲ್ಲೂ ನಡೆಯುವ ಅದರ ಫ್ರಿಜ್ ಉಳಿಸಿಕೊಳ್ಳಬೇಕು ಅಂತ ತುಂಬಾ ಆಸೆ. ಕರೆಂಟಿನಲ್ಲಿ ರಾತ್ರಿಯೊಳಗೆ ಐಸ್ ಕಟ್ಟುತ್ತದೆ. ಗ್ಯಾಸಿಗೆ ಹಾಕಿದರೆ ಉರಿ ಹಳದಿ, ಮಿಣಮಿಣ. ಬೆಳಗಾದರೂ ಹಾಲು ತಣ್ಣಗಾಗಿರುವುದಿಲ್ಲ. ಏನು ಮಾಡಲಿ?

ಉತ್ತರ 1:
ಕರೆಂಟಿನಲ್ಲಿ ಐಸ್ ಕಟ್ಟುತ್ತದೆ ಅಂದ್ರೆ ಫ್ರಿಜ್‌ಗೆ ಜೀವ ಇದೆ, ಖುಷಿಪಡಿ. ಇದಕ್ಕೆ ಕಂಪ್ರೆಸರ್ ಇಲ್ಲ. ಪೈಪಿನೊಳಗೆ ನೀರಿನಲ್ಲಿ ಕರಗಿರುವ ಅಮೋನಿಯಾ ಶಾಖಕ್ಕೆ ಆವಿಯಾಗಿ ನೀರನ್ನು ಬಿಟ್ಟು ಮೇಲೇಳುತ್ತದೆ, ತಣಿದು ದ್ರವವಾಗುತ್ತದೆ, ಹೈಡ್ರೋಜನ್ ನಡುವೆ ಆವಿಯಾಗುವಾಗ ತಂಪು ಕೊಡುತ್ತದೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದದ್ದು. ಎಷ್ಟು ಚಂದದ ಕೆಲಸ ಅಲ್ವಾ!

ಕರೆಂಟಿನ ಶಾಖಕ್ಕೆ ತಂಪಾಗುತ್ತದೆ, ಹಾಗಾಗಿ ನಿಮ್ಮ ತೊಂದರೆ ಗ್ಯಾಸ್ ಉರಿಯುವ ಬರ್ನರಿನದು. ನನ್ನದನ್ನು ಬಿಚ್ಚಿದಾಗ ಚಿಮಣಿಯಲ್ಲಿ ಜೇಡರ ಬಲೆ, ಬರ್ನರ್ ಮೇಲೆ ಒಂದು ಚಮಚ ತುಕ್ಕಿನ ಪುಡಿ ಇತ್ತು. ಜೆಟ್‌ಗೆ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು) ಪಿನ್ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ, ಊದಿ.

ಉತ್ತರ 2:
ಹಳದಿ ಉರಿ ಇಟ್ಟುಕೊಂಡು ಒಳಗೆ ಮಲಗಲೇಬೇಡಿ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಹಿಂದಿನ ಪೈಪಿನ ಮೇಲೆ ಹಳದಿ ಪುಡಿ ಕಂಡರೆ ಮುಟ್ಟಬೇಡಿ. ಅದು ಪೈಪಿಗೆ ತುಕ್ಕು ಹಿಡಿಯದಂತೆ ಒಳಗೆ ಹಾಕಿರುವ ಕ್ರೋಮೇಟ್ ಎಂಬ ರಾಸಾಯನಿಕ ಸೋರಿದ್ದು, ವಿಷ. ಕ್ಯಾರವಾನ್ ಮಟ್ಟವಾಗಿ ನಿಂತಿದೆಯಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು:
ಪುಡಿ ಇಲ್ಲ. ಜೆಟ್ ನೆನೆಸಿದೆ, ಗ್ಯಾಸ್ ಮೆಕ್ಯಾನಿಕ್ ಬಂದು ಜೋಡಿಸಿ ಸೋರಿಕೆ ಪರೀಕ್ಷಿಸಿದರು. ಉರಿ ಈಗ ನೀಲಿ. ಇವತ್ತು ಬೆಳಿಗ್ಗೆ ಮೊಸರು ಗಟ್ಟಿಯಾಗಿ, ತಣ್ಣಗಿತ್ತು!