ತಿಥಿ ಅಡುಗೆಗೆ ಮೆಣಸಿನಕಾಯಿ ಯಾಕೆ ಹಾಕಲ್ಲ?

ಪ್ರಶ್ನೆ (ಸಾಗರದಿಂದ):
ಮೊನ್ನೆ ಮಾವನವರ ತಿಥಿ ಇತ್ತು. ಬಾಳೆಕಾಯಿ ಪಲ್ಯದ ಒಗ್ಗರಣೆಗೆ ಅಭ್ಯಾಸದಂತೆ ಒಣಮೆಣಸಿನಕಾಯಿ ಮುರಿಯಲು ಹೋದೆ. ಅತ್ತೆ ಕೈ ಹಿಡಿದರು. "ಇವತ್ತು ಬರೀ ಕಾಳುಮೆಣಸು, ಮಾರಾಯ್ತಿ." ಆಲೂಗಡ್ಡೆ, ಟೊಮೆಟೊ, ಎಲೆಕೋಸನ್ನೂ ಹಾಕುವಂತಿಲ್ಲ. ಯಾಕೆ ಅಂದರೆ "ಮೊದಲಿಂದಲೂ ಹಾಗೇ" ಎಂದರು. ನಿಮ್ಮ ಮನೆಗಳಲ್ಲೂ ಹೀಗೇನಾ? ಕಾರಣ ಗೊತ್ತಿದ್ದರೆ ಹೇಳಿ.

ಉತ್ತರ (ತೀರ್ಥಹಳ್ಳಿ):
ನಮ್ಮಲ್ಲೂ ಹಾಗೇ. ಮೆಣಸಿನಕಾಯಿ ರಾಜಸ ಅಂತ ಪುರೋಹಿತರು ಹೇಳಿದ್ದರು. ಆದರೆ ಕಾಳುಮೆಣಸೂ ಖಾರವೇ ಅಲ್ವಾ?

ಉತ್ತರ (ಹೊಸನಗರ):
ನನಗೆ ಇದು ತುಂಬ ಇಷ್ಟದ ವಿಷಯ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆಯೇ ಇತ್ತ ಬಂದದ್ದು. ಎಲೆಕೋಸು ಯುರೋಪಿನದು. ತಿಥಿಯ ಅಡುಗೆ ಅದಕ್ಕಿಂತ ಹಳೆಯದು. ಅಂದರೆ ನಿಮ್ಮ ಅತ್ತೆ ಮೊನ್ನೆ ಮಾಡಿದ್ದು ಪೋರ್ಚುಗೀಸರು ಬರುವ ಮುಂಚಿನ ರುಚಿ.

ಹೆಸರನ್ನೇ ನೋಡಿ. ಮೆಣಸು ಅಂದರೆ ನಮ್ಮ ಅಡಿಕೆ ಮರಕ್ಕೆ ಹಬ್ಬುವ ಬಳ್ಳಿಯದು. ಹೊಸ ಕಾಯಿ ಬಂತು, ಅದೂ ಖಾರ, ಅದಕ್ಕೆ 'ಮೆಣಸಿನಕಾಯಿ' ಅಂದರು. ನನ್ನ ಅಜ್ಜಿ ಘಟ್ಟದ ಕೆಳಗಿನವರು. ಕಾಳುಮೆಣಸಿಗೆ 'ಒಳ್ಳೆಮೆಣಸು' ಅನ್ನುತ್ತಿದ್ದರು. ಹೊಸದು ಮನೆ ತುಂಬಿದ ಮೇಲೆ ಹಳೆಯದಕ್ಕೆ ಬೇರೆ ಹೆಸರು ಬೇಕಾಯಿತು!

ಪೋರ್ಚುಗೀಸರು ಬಂದದ್ದೂ ಈ ಕಾಳುಮೆಣಸಿಗೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಕೆಳದಿಯ ಅರಸರೂ ಅವರಿಗೆ ಮೆಣಸು ಮಾರುತ್ತಿದ್ದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಕೆಳದಿಯವರ ರಾಜಧಾನಿ ಇಕ್ಕೇರಿಗೆ ಬಂದಿದ್ದ. ಸಾಗರದಿಂದ ಎಷ್ಟು ದೂರ ಹೇಳಿ!

ಉತ್ತರ (ಶಿವಮೊಗ್ಗ):
ಪರಂಗಿ ಹಣ್ಣು, ಸೀಮೆಬದನೆ ಅನ್ನುವ ಹೆಸರಲ್ಲೇ ಹೊರಗಿನದು ಅಂತ ಇದೆ. ಅನಾನಸ್ ಪೋರ್ಚುಗೀಸರ ಮಾತು. ಅವರೂ ಅದನ್ನು ದಕ್ಷಿಣ ಅಮೆರಿಕದ ಮೂಲನಿವಾಸಿಗಳಿಂದ ಕಲಿತದ್ದು.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಸುಮ್ನೆ ಕೇಳುತ್ತಿದ್ದವರು, "ಹಾಗಾದ್ರೆ ನಮ್ಮ ಸೂಜಿಮೆಣಸು? ಅದು ಹಿತ್ತಲಲ್ಲಿ ತಾನಾಗೇ ಹುಟ್ಟತ್ತಲ್ಲ" ಎಂದರು.

ಉತ್ತರ (ಹೊಸನಗರ):
ಆ ಪುಟ್ಟ ಮೆಣಸಿನಕಾಯಿಯೂ ಅಮೆರಿಕದ್ದೇ. ಹಕ್ಕಿಗೆ ಅದರ ಖಾರ ತಾಗುವುದಿಲ್ಲ. ಹಣ್ಣು ತಿಂದು ಬೇಲಿ ಬುಡದಲ್ಲಿ ಬೀಜ ಉದುರಿಸುತ್ತದೆ. ಬಿತ್ತಿದವರು ಯಾರೂ ಇಲ್ಲ, ಹಾಗಾಗಿ ನಮ್ಮದೇ ಅನ್ನಿಸುತ್ತದೆ.